ಬರಿಹೊಟ್ಟೆಯ ಬೆಲ್ಲದ ಕಾಫಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಬೆಲ್ಲದ ಕಾಫಿಯ ವಾಸನೆ ಬಂತು. ನಮ್ಮ ಒಲೆ ಮಾತ್ರ ತಣ್ಣಗಿತ್ತು. ಕುಶಾಲನಗರದ ಈ ಚಳಿಯಲ್ಲಿ, ಎದ್ದು ಗಂಟೆಯಾದರೂ ಕಾಫಿಯಿಲ್ಲದೆ ಕೂತ ಮನೆಯನ್ನು ನೀವು ಕಂಡಿರಲಾರಿರಿ. ಕಾರಣ ಹೇಳುತ್ತೇನೆ. ಅದರಲ್ಲಿ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ, ಹೋಗಲಿ.

ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ನಾನು ಬಹಳ ವರ್ಷ ರೈಟರಾಗಿದ್ದೆ, ಅಂದರೆ ತೋಟದ ಲೆಕ್ಕ ಬರೆಯುವ ಗುಮಾಸ್ತ. ಹಾಜರಿ, ಕಾಫಿ ಹಣ್ಣಿನ ಪಿಕ್ಕಿಂಗ್ ಎಲ್ಲ ನೋಡಿಕೊಂಡರೂ ನನಗೆ ಜಂಬವಿದ್ದದ್ದು ಎಲೆ ಪರೀಕ್ಷೆಯ ವಿಷಯದಲ್ಲಿ. ಗಿಡಕ್ಕೆ ಯಾವ ಸತ್ವ ಕಡಿಮೆ, ಯಾವುದು ಹೆಚ್ಚು ಎಂದು ತಿಳಿಯಲು ಎಲೆ ಕಿತ್ತು ಲ್ಯಾಬಿಗೆ ಕಳಿಸುತ್ತೇವಲ್ಲ, ಅದು. ಗೊಬ್ಬರ ಹಾಕಿದ ಹೊಸದರಲ್ಲಿ ಎಲೆ ಮುಟ್ಟಕೂಡದು, ಫಲಿತಾಂಶ ತಪ್ಪುತ್ತದೆ. ಈ ನಿಯಮವನ್ನು ಎಷ್ಟು ಜನರಿಗೆ ಗದರಿ ಹೇಳಿದ್ದೇನೋ! ಕೂಲಿಯವರ ಲೈನ್ ಮನೆಗಳ ಹೆಂಗಸರು ನನ್ನ ದನಿಯನ್ನು ಅಣಕಿಸಿ ನಗುತ್ತಿದ್ದರಂತೆ.

ನನ್ನ ಅಕ್ಕ ಗೌರಕ್ಕ ಮನೆಯ ಹಿಂದೆ ಕಾಫಿ ಸಸಿಗಳ ನರ್ಸರಿ ನಡೆಸುವವಳು. ಕೆಲವು ವರ್ಷಗಳ ಹಿಂದೆ ಅವಳ ತೊಡೆಯಲ್ಲೊಂದು ಗಡ್ಡೆ ಕಾಣಿಸಿತು. "ಸಸಿ ಬುಟ್ಟಿ ತಗುಲಿದ್ದು ಕಣೋ, ಎಣ್ಣೆ ಹಚ್ಚಿದ್ರೆ ಹೋಯ್ತದೆ" ಎಂದಳು. ಹೋಗಲಿಲ್ಲ. ಮೈಸೂರಿನಲ್ಲಿ ತೆಗೆಸಿದೆವು, ಮತ್ತೆ ಬಂತು. ಮಾಂಸದ ನಡುವೆ ಹುಟ್ಟುವ ಬಲು ಅಪರೂಪದ ಕ್ಯಾನ್ಸರ್, ಕೊಟ್ಟ ಯಾವ ಔಷಧಿಗೂ ಬಗ್ಗುತ್ತಿಲ್ಲ ಎಂದರು. ಅಕ್ಕ ಉಳಿಯುವುದಿಲ್ಲವೆಂದು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಆಗ ಸಿಕ್ಕವರು ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ. "ಅಮ್ಮಾ, ಗಡ್ಡೆಯ ಜೀವಕೋಶಗಳು ಏನು ತಿಂತವೆ, ಏನು ಬಿಡ್ತವೆ ಅಂತ ನೋಡ್ತೀವಿ. ತೆಗೆದ ಗಡ್ಡೆಯ ಚೂರಿದೆ, ನಿಮ್ಮ ರಕ್ತಾನೂ ಬೇಕು. ಯಾವುದಿಲ್ಲದೆ ಅದು ಬದುಕಲ್ವೋ ಅದು ಗೊತ್ತಾದ್ರೆ, ಅದನ್ನ ತಪ್ಪಿಸೋ ಔಷಧಿ ನೋಡಬಹುದು. ಸಿಕ್ಕೇ ಸಿಗತ್ತೆ ಅಂತ ಮಾತು ಕೊಡಲ್ಲ" ಎಂದರು.

ಅಕ್ಕ ಕೊಂಚ ಯೋಚಿಸಿ, "ಓ, ನಮ್ಮ ತಮ್ಮ ಎಲೆ ಕಳಿಸ್ತಿದ್ನಲ್ಲ, ಹಂಗೆ! ತಗೊಳ್ಳಿ. ನಂಗಾಗ್ದಿದ್ರೂ ಇನ್ಯಾರಿಗಾದ್ರೂ ಆಯ್ತದೆ" ಎಂದಳು. ನಾಲ್ಕನೇ ಕ್ಲಾಸು ಓದಿದವಳು. ನನಗೆ ಅಲ್ಲೇ ಎದೆಯುಬ್ಬಿತು.

ಬರಿಹೊಟ್ಟೆಯಲ್ಲಿ ಬರಬೇಕು, ನೀರು ಬಿಟ್ಟು ಏನೂ ಕೂಡದು ಎಂದು ಹೇಳಿ ಕಳಿಸಿದರು. ಆ ದಿನ ಮೊದಲ ಬಸ್ಸಿಗೆ ಹೊರಟಾಗ ಅಕ್ಕ ಚಳಿಗೆ ಶಾಲು ಬಿಗಿದುಕೊಳ್ಳುತ್ತಿದ್ದಳು. ತಿಂಡಿ ಮುಟ್ಟಬಾರದು, ಸರಿ. ಆದರೆ ಕಾಫಿ? ನಮ್ಮ ಕಡೆ ಕಾಫಿಯನ್ನು ಯಾರು ಹೊಟ್ಟೆಯ ಲೆಕ್ಕಕ್ಕೆ ಹಿಡಿಯುತ್ತಾರೆ? ಹಾಲಿಲ್ಲದ ಬೆಲ್ಲದ ಕಾಫಿ, ದೊಡ್ಡ ಲೋಟದ ತುಂಬ, ನಾನೇ ಕೈಯಾರೆ ಕೊಟ್ಟೆ.

ಕೆಲವು ದಿನಕ್ಕೆ ಡಾಕ್ಟರಮ್ಮನ ಫೋನು. "ಸರ್, ಅಮ್ಮ ಅವತ್ತು ಕಾಫಿ ಕುಡಿದಿದ್ರಾ? ರಕ್ತ ಪರೀಕ್ಷೆ ಮಷೀನಲ್ಲಿ ಕಾಫಿ ಕಾಣ್ತಿದೆ. ಇನ್ನೊಂದ್ಸಲ ರಕ್ತ ಕೊಡಬೇಕಾಗತ್ತೆ."

ಗೊಬ್ಬರ ಹಾಕಿದ ಮಾರನೇ ದಿನವೇ ಎಲೆ ಕಿತ್ತ ರೈಟರು ನಾನು! ನಾಚಿಕೆಗಿಂತ ಭಯವೇ ಹೆಚ್ಚಾಯಿತು. ಅಕ್ಕನಿಗೆ ಒಂದೊಂದು ದಿನವೂ ಮುಖ್ಯವಾಗಿದ್ದಾಗ ಅಷ್ಟು ದಿನ ಹಾಳು ಮಾಡಿದ್ದೆ. ಅವಳು ಮಾತ್ರ ನಕ್ಕುಬಿಟ್ಟಳು. "ಬೆಲ್ಲದ ಕಾಫೀನೇ ಹಿಡಿದ ಮಷೀನು, ಗಡ್ಡೆಯ ಕಳ್ಳತನ ಹಿಡೀದೆ ಬಿಟ್ಟಾತಾ? ನಡಿ" ಎಂದು ಮತ್ತೆ ಬಸ್ಸು ಹತ್ತಿದಳು.

ಎರಡನೇ ಸಲ ಮಷೀನು ಹಿಡಿಯಿತು. ತನಗೆ ಬೇಕಾದ ಒಂದು ಪೋಷಕಾಂಶವನ್ನು ಆ ಗಡ್ಡೆ ತಾನೇ ತಯಾರಿಸಿಕೊಳ್ಳಲಾರದು, ಮರದ ಮೇಲಿನ ಬಂದಳಿಕೆಯ ಹಾಗೆ ಅಕ್ಕನ ರಕ್ತದಿಂದ ಹೀರುತ್ತದೆ. ಅದನ್ನು ರಕ್ತದಲ್ಲೇ ತಗ್ಗಿಸುವ ಚುಚ್ಚುಮದ್ದೊಂದು ಇನ್ನೂ ಪ್ರಯೋಗದಲ್ಲಿತ್ತು. ಅಕ್ಕ ಒಪ್ಪಿದಳು. ಗಡ್ಡೆ ಮಾಯವಾಗಿಲ್ಲ, ಆದರೆ ಒಂದು ವರ್ಷದಿಂದ ಬೆಳೆದಿಲ್ಲ. ಅಕ್ಕ ಸಸಿಗಳ ನಡುವೆ ಓಡಾಡುತ್ತಿದ್ದಾಳೆ.

ಆಗಾಗ ರಕ್ತ ಕೊಡಲು ಹೋಗಬೇಕು. ಅವತ್ತು ಅವಳು ಕೊಟ್ಟು ಮುಗಿಸುವ ತನಕ ಮನೆಯಲ್ಲಿ ಯಾರಿಗೂ ಕಾಫಿಯಿಲ್ಲ. ನಾನು ನನಗೆ ಹಾಕಿಕೊಂಡ ಶಿಕ್ಷೆ ಎಲ್ಲರಿಗೂ ತಗುಲಿದೆ.

ಇವತ್ತೂ ರಕ್ತ ಕೊಡಲು ಹೊರಡುವ ಹೊತ್ತಿಗೆ ಅಕ್ಕನ ಫೋನು ಬಡಿದುಕೊಂಡಿತು. ಹಾಸನದ ಕಡೆಯ ಹೆಂಗಸು, ಇದೇ ಕಾಯಿಲೆಯಂತೆ. ಅಕ್ಕನ ಒಪ್ಪಿಗೆ ಪಡೆದು ಡಾಕ್ಟರಮ್ಮನೇ ನಂಬರು ಕೊಟ್ಟಿದ್ದರು. ಅಕ್ಕನಲ್ಲಿ ಸಿಕ್ಕ ಸುಳಿವನ್ನು ಹಿಡಿದು ನಾಳೆ ಆಕೆಯ ರಕ್ತವನ್ನೂ ನೋಡುತ್ತಾರೆ. ಆಕೆ ಅಳುವುದು ನನಗೂ ಕೇಳಿಸುತ್ತಿತ್ತು.

"ಹೆದರ್ಬೇಡ ಕಣವ್ವ, ನಾನಿದೀನಿ" ಎಂದಳು ಅಕ್ಕ. ಆಮೇಲೆ ನನ್ನತ್ತ ಓರೆಗಣ್ಣು ಬೀರಿ, "ನಾಳೆ ಬೆಲ್ಲದ ಕಾಫೀನೂ ಕುಡೀಬೇಡ. ಮನೇಲಿ ರೈಟರು ಯಾರಾದ್ರೂ ಇದ್ರೆ ಅವರ ಮಾತು ಮಾತ್ರ ಕೇಳಬೇಡ" ಎಂದಳು.

ಪಕ್ಕದ ಮನೆಯ ಕಾಫಿಯ ವಾಸನೆ ದಾಟಿ, ಬರಿಹೊಟ್ಟೆಯಲ್ಲಿ, ಅಕ್ಕನ ಹಿಂದೆ ತಲೆಯೆತ್ತಿ ಬಸ್ ಸ್ಟ್ಯಾಂಡಿಗೆ ನಡೆದೆ.