ಮುಂಬಾಗಿಲಲ್ಲಿ ಬಿಟ್ಟ ಚಪ್ಪಲಿ

ಹಾಸನದ ಬಸ್ ನಿಲ್ದಾಣದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ, ನಾವು ಹದಿನಾಲ್ಕು ಜನ ವಿಡಿಯೊ ಗೇಮ್ ಮಾಡುತ್ತೇವೆ. ಇಬ್ಬರೋ ಮೂವರೋ ಕೂತು ಮುಗಿಸುವ ಪುಟ್ಟ ಆಟವಲ್ಲ, ನೂರಾರು ಜನ ವರ್ಷಗಟ್ಟಲೆ ದುಡಿಯುವ ದೊಡ್ಡ ಆಟವೂ ಅಲ್ಲ. ನಡುವಿನದು. ನಡುವಿನದೆಂದರೆ, ದುಡ್ಡು ಹಾಕಿ ಆಟ ಹೊರತರುವ ಪ್ರಕಾಶಕರಿಗೆ ಅಷ್ಟಕ್ಕಷ್ಟೆ. ಪುಟ್ಟದು ಸೋತರೆ ನಷ್ಟ ಕಡಿಮೆ, ದೊಡ್ಡದು ಗೆದ್ದರೆ ಊರೆಲ್ಲ ಹೆಸರು. ನಮ್ಮದಕ್ಕೆ ಎರಡೂ ಇಲ್ಲ. ಮೂವರು ಪ್ರಕಾಶಕರು ಬೇಡವೆಂದ ಮೇಲೆ ಉಳಿದವರು ಒಬ್ಬರೇ. ಅವರೂ ಕೈಬಿಟ್ಟರೆ ಬಾಗಿಲು ಹಾಕುವುದೇ ಎಂದು, ಹೊಳೆನರಸೀಪುರದಿಂದ ದಿನಾ ಓಡಾಡುವ ನಮ್ಮ ಮುಖ್ಯಸ್ಥೆ ಹೇಳಿಬಿಟ್ಟಿದ್ದರು.

ಆಟದಲ್ಲಿ ಒಬ್ಬ ಹುಡುಗಿ ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತ ಮನೆಮನೆಗೆ ಹೋಗುತ್ತಾಳೆ. ಚಿತ್ರ ಬರೆಯುವವನು ನಾನು. ಮಲ್ಲಿಪಟ್ಟಣದಿಂದ ಬಂದಿದ್ದ ನನ್ನ ಸೋದರತ್ತೆಗೆ ಒಮ್ಮೆ ಆಡಲು ಕೊಟ್ಟೆ. ಮೊದಲ ಮನೆಗೇ ಕೆಂಡವಾದಳು.

"ಲೇ, ಮೆಟ್ ಮೆಟ್ಕಂಡೇ ಒಳೀಕ್ ಓಯ್ತಾವ್ಳಲ್ಲ! ಯಾರ್ಲಾ ಇವ್ಳನ್ನ ಸಾಕಿದ್ದು?"

"ಅತ್ತೆ, ಇದು ಬರೀ ಆಟ!" ಎಂದು ರೇಗಿದೆ.

"ಆಟ ಆದ್ರೆ? ಅವ್ರ ಮನೇಲಿ ದೇವ್ರಿಲ್ವಾ?"

ನನಗೆ ಬೇಗ ಸಿಟ್ಟು ಬರುತ್ತದೆ, ಅಷ್ಟೇ ಬೇಗ ನಾಚಿಕೆಯೂ ಆಗುತ್ತದೆ. ಮರುದಿನ ಆಫೀಸಿನಲ್ಲಿ ಹೇಳಿದೆ. ಪ್ರತಿ ಬಾಗಿಲಲ್ಲೂ ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಹೋಗುವಂತೆ, ಬರುವಾಗ ಹಾಕಿಕೊಳ್ಳುವಂತೆ ಮಾಡಲು ಮೂರು ವಾರ ಹಿಡಿಯಿತು.

ಉಳಿದಿದ್ದ ಆ ಪ್ರಕಾಶಕರ ಕಡೆಯಿಂದ ಆಟ ಪರೀಕ್ಷಿಸಿ ತೀರ್ಮಾನ ಹೇಳಬೇಕಿದ್ದಾಕೆ ಹೊರದೇಶದವರು. ಮುಂಬಾಗಿಲಿಂದ ಒಳಗೆ ಹೋದವರು ಹಿತ್ತಿಲ ಬಾಗಿಲಿಂದ ಹೊರಬಿದ್ದಿದ್ದರು. ಚಪ್ಪಲಿ ಮುಂದೆ, ಹುಡುಗಿ ಹಿಂದೆ, ಎದುರಿಗೆ ಜಾಲಿಮುಳ್ಳಿನ ದಾರಿ. ಪಾಪ, ಎರಡು ಹೆಜ್ಜೆಗೊಮ್ಮೆ ಕುಂಟಿ ನಿಲ್ಲುತ್ತಿದ್ದಳು. ಚಪ್ಪಲಿ ಎಲ್ಲಿ ಬಿಟ್ಟೆವೆಂದು ನಮಗೆ ಯಾರೂ ನೆನಪಿಸಬೇಕಿಲ್ಲ, ಹಾಗಾಗಿ ಆಟದಲ್ಲಿ ಒಂದು ಸೂಚನೆಯನ್ನೂ ಹಾಕಿರಲಿಲ್ಲ. ಆಟ ಕೆಟ್ಟಿದೆ, ಮುಂದಕ್ಕೆ ಹೋಗುತ್ತಿಲ್ಲ ಎಂದು ಆಕೆ ಬರೆದರು.

ವಿಡಿಯೊ ಕರೆಯಲ್ಲಿ ಮುಖ್ಯಸ್ಥೆ ಕ್ಷಮೆ ಕೇಳತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಕೆಟ್ಟಿಲ್ಲ, ಚಪ್ಪಲಿ ಮುಂಬಾಗಿಲಲ್ಲೇ ಇದೆ, ಹೋಗಿ ಹಾಕಿಕೊಳ್ಳಿ ಎಂದು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಅಂದುಬಿಟ್ಟೆ. ಎಲ್ಲರೂ ನನ್ನನ್ನು ನುಂಗುವ ಹಾಗೆ ನೋಡಿದರು. ಆಕೆ ಹುಡುಗಿಯನ್ನು ಮನೆ ಸುತ್ತಿಸಿ ಮುಂದಕ್ಕೆ ತಂದರು. ಚಪ್ಪಲಿ ಬಿಟ್ಟ ಕಡೆಯೇ ಇತ್ತು. ಆಕೆ ಜೋರಾಗಿ ನಕ್ಕರು. ದೊಡ್ಡ ಆಟವಾಗಿದ್ದರೆ ಇದನ್ನು ಯಾರಾದರೂ ಕಿತ್ತುಹಾಕಿಸುತ್ತಿದ್ದರು, ಪುಟ್ಟ ಆಟದವರಿಗೆ ಇಷ್ಟೆಲ್ಲ ಮಾಡಲು ಕೈ ಸಾಲುತ್ತಿರಲಿಲ್ಲ ಎಂದರು. ಒಂದು ಸೂಚನೆ ಸೇರಿಸಿ ಕೊಡಿ, ನಾವೇ ಹೊರತರುತ್ತೇವೆ ಎಂದರು.

ಆಟ ಮುಗಿದಾಗ ಪರದೆಯ ಮೇಲೆ ಕೆಲಸ ಮಾಡಿದವರ ಹೆಸರು ಬರುತ್ತದೆ. ಮುಖ್ಯಸ್ಥೆ ಅಲ್ಲಿ ಅತ್ತೆಯ ಹೆಸರನ್ನೂ ಹಾಕಿಸಿದರು. ಆ ಭಾನುವಾರವೇ ಮಲ್ಲಿಪಟ್ಟಣಕ್ಕೆ ಹೋಗಿ ತೋರಿಸಿದೆ. ಅಕ್ಷರ ಕೂಡಿಸಿಕೊಂಡು ಓದಿದಳು.

"ನಾನೇನ್ಲಾ ಮಾಡ್ದೆ? ಕುಂತ್ಕಂಡು ಬಯ್ದೆ, ಅಷ್ಟೇಯ."

ನೀನು ಬಯ್ದಿದ್ದಕ್ಕೇ ನಮ್ಮೆಲ್ಲರ ಕೆಲಸ ಉಳಿಯಿತು ಅತ್ತೆ ಎಂದು, ಅವಳ ಹೆಸರನ್ನು ಪರದೆಯ ಮೇಲೆ ಇನ್ನೊಮ್ಮೆ ತಂದೆ.