ಬಲಗಿವಿಯ ಸೀಳು

ಶಹಾಪುರದ ಬೆಟ್ಟ ಅಂಗಾತ ಮಲಗಿದ ಮನುಷ್ಯನ ಹಾಗೆ ಕಾಣುತ್ತದೆ. ಸುರಪುರದಿಂದ ಯಾದಗಿರಿಗೆ ಮೋಟಾರಿನಲ್ಲಿ ಹೋಗುವಾಗ ಅದನ್ನೇ ನೋಡುತ್ತ ಕೂತಿದ್ದೆ. ಮೋಟಾರು ತಿರುಗಿದಂತೆಲ್ಲ ಅವನೂ ನಿದ್ದೆಯಲ್ಲಿ ಮಗ್ಗಲು ಬದಲಿಸಿದ ಹಾಗೆ ಆಗುತ್ತಿತ್ತು. ಯಾದಗಿರಿಯಲ್ಲಿ ರೈಲು ಹತ್ತಿ ನಾನೂ ನಮ್ಮ ಮನೆಯವರೂ ಸೋಲಾಪುರಕ್ಕೆ ಹೋಗುವವರಿದ್ದೆವು. ಈಗಿನವರು ಅದೇನು ದೂರ ಅನ್ನಬಹುದು. ನಾನು ಸಣ್ಣವಳಿದ್ದಾಗ ಅದು ಬೇರೆ ದೇಶ. ನಮ್ಮದು ನಿಜಾಮನ ಸೀಮೆ, ಅದು ಇಂಗ್ಲಿಷರ ಸೀಮೆ. ರೊಕ್ಕ ಬೇರೆ, ಪೊಲೀಸರು ಬೇರೆ, ನಡುವೆ ಸುಂಕದ ನಾಕಾ.

ನನ್ನ ಗೆಳತಿ ಅಲ್ಲಿದ್ದಳು. ನಮ್ಮ ಹಟ್ಟಿಗೂ ಅವರ ಹಟ್ಟಿಗೂ ಒಂದೇ ಮುಳ್ಳುಬೇಲಿ ಇತ್ತು. ನಿಜಾಮನ ಕಡೆಗಾಲದ ಗಲಾಟೆಯ ವರ್ಷ ಜೀವಕ್ಕೆ ಹೆದರಿ ಅವಳೂ ಅವಳ ಗಂಡನೂ ಗಡಿ ದಾಟಿದರು. ಹೋಗುವಾಗ ತಮ್ಮ ಕುರಿಗಳನ್ನು ನಮ್ಮ ಹಿಂಡಿನಲ್ಲಿ ಬಿಟ್ಟರು. "ಸುಗ್ಗಿಗಿ ಬರ್ತೀನಿ, ನೋಡ್ಕೊ" ಅಂದಿದ್ದಳು. ನಿಜಾಮನ ಆಳಿಕೆ ಮುಗಿಯಿತು, ಎಷ್ಟೋ ಸುಗ್ಗಿ ಬಂದು ಹೋದವು. ಅವಳು ಬರಲಿಲ್ಲ.

ಕುರಿ ಯಾರದು ಅಂತ ತಿಳಿಯಲು ಮರಿ ಇದ್ದಾಗಲೇ ಅದರ ಕಿವಿ ಕೊಯ್ದು ಗುರುತು ಮಾಡುತ್ತೇವೆ. ನಮ್ಮ ಮನೆಯದು ಎಡಗಿವಿಯ ಅಂಚಿಗೆ ಕಚ್ಚು. ಅವರದು ಬಲಗಿವಿಯ ತುದಿಗೆ ಸೀಳು. ಅವಳ ಕುರಿ ಈದದ್ದಕ್ಕೆಲ್ಲ ನಾನು ಬಲಗಿವಿಯನ್ನೇ ಸೀಳುತ್ತ ಬಂದೆ. ಮನೆಯವರು ಗೊಣಗುತ್ತಿದ್ದರು.

"ಸಾಕಿದವ್ರಿಗಿ ಅರ್ಧ ಮರಿ ಅಂತ ವಾಡಿಕಿ ಐತಿ. ನಮ್ಮ ಗುರ್ತು ಹಾಕಿದ್ರ ತಪ್ಪೇನು?"

"ಆಕಿ ಬರ್ಲಿ, ಕೇಳಿ ಹಾಕೋಣು" ಅನ್ನುತ್ತಿದ್ದೆ. ಕೇಳದೆ ಹಾಕಿದರೆ ಅವಳು ಇನ್ನು ಬರುವುದೇ ಇಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಅದು ನನಗೆ ಬೇಡವಾಗಿತ್ತು. ಬರುತ್ತಾಳೋ ಇಲ್ಲವೋ, ಅವಳ ಬಾಯಿಂದಲೇ ಕೇಳೋಣ ಅಂತ ಹೊರಟೆ.

ಅವಳಿಗೆಂದು ಅವಳ ಕುರಿಗಳ ಉಣ್ಣೆಯಲ್ಲೇ ಕಂಬಳಿ ಮಾಡಿಸಿದ್ದೆ. ನೂಲು ನನ್ನದೇ. ಹೊಸ ಮಾಲು ಕಂಡರೆ ನಾಕಾದವರು ಸುಂಕ ಕೇಳುತ್ತಾರೆ, ಹೊದ್ದದ್ದಕ್ಕೆ ಕೇಳುವುದಿಲ್ಲ. ಅದಕ್ಕೇ ಯಾದಗಿರಿಯಲ್ಲೇ ಮೈತುಂಬ ಹೊದ್ದು ಕೂತೆ. ಬಿರುಬೇಸಿಗೆ. ಗುಲ್ಬರ್ಗಾ ದಾಟುವಷ್ಟರಲ್ಲಿ ಕಣ್ಣು ಮಂಜಾಗಿ, ಹೊರಗಿನ ಹೊಲ ನೀರಿನಂತೆ ಹರಿಯತೊಡಗಿತು. ಎದುರಿಗೆ ಕೂತವಳು ನನಗೆ ಚಳಿಜ್ವರ ಅಂತ ತಿಳಿದು ಮಗುವನ್ನು ದೂರ ಎಳೆದುಕೊಂಡಳು. ರೈಲಿನ ಡಬ್ಬಿಗೆ ಯಾವ ನಾಕಾದವನೂ ಬರಲಿಲ್ಲ.

ಸ್ಟೇಷನ್ನಿನಲ್ಲಿ ನನ್ನನ್ನು ನೋಡಿ ಗೆಳತಿ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಏ ಹುಚ್ಚಿ, ನಾಕಾ ತಗದು ಎಷ್ಟ್ ದಿನಾ ಆತು. ಯಾರಿಗಿ ಅಂಜಿ ಕುದ್ಕೊಂತ ಬಂದೀದಿ?"

"ನಮಗೇನ್ ಗೊತ್ತವ್ವ. ನೀವು ಪರದೇಶದವ್ರು."

ಅವಳ ಗಂಡ ಕಂಬಳಿ ಇಸಕೊಂಡು ಭುಜಕ್ಕೆ ಹಾಕಿಕೊಂಡ. ಮೂಸಿ ನೋಡಿದ.

ಸೋಲಾಪುರ ನನಗೆ ಎಚ್ಚರದಲ್ಲಿ ಕಂಡ ಊರು ಅನಿಸುವುದಿಲ್ಲ. ಆಕಾಶಕ್ಕೆ ಎತ್ತರೆತ್ತರ ಚಿಮಣಿ. ಪಾಳಿ ಬದಲಾಗುವಾಗ ಬಟ್ಟೆ ಗಿರಣಿಯ ಭೋಂಗಾ ಕೂಗಿದರೆ ಎದೆಯೊಳಗೆ ಕೂಗಿದ ಹಾಗೆ. ಹತ್ತಿಯ ಧೂಳು ಬೀದಿಯಲ್ಲಿ ಸದ್ದಿಲ್ಲದೆ ತೇಲುತ್ತಿತ್ತು, ಬಾಗಿಲ ಚಿಲಕಕ್ಕೆ, ಬೇವಿನ ಎಲೆಗೆ, ಹೆಂಗಸರ ಹುಬ್ಬಿಗೆ ಹತ್ತುತ್ತಿತ್ತು. ಗಿರಣಿ ಬಿಟ್ಟಾಗ ಗೇಟಿನಿಂದ ಜನ ಹೊರಬರುವುದು, ದೊಡ್ಡಿಯ ಬಾಗಿಲು ತೆಗೆದ ಹಾಗೆ. ಅಲ್ಲೇ ದುಡಿಯುವ ಗೆಳತಿಯನ್ನು ಅವರಲ್ಲಿ ಹುಡುಕುತ್ತ ನಿಂತೆ. ಎಲ್ಲರ ತಲೆಯೂ ಬೆಳ್ಳಗೆ. ಅವಳೇ ಬಂದು ನನ್ನ ಭುಜ ಹಿಡಿದು ಅಲುಗಿಸುವ ತನಕ ಗುರುತು ಹತ್ತಲಿಲ್ಲ.

ರಜೆಯ ದಿನ ಗಂಡಸರಿಬ್ಬರೂ ಅವರ ಚಾಳಿನ ಮನೆಯಲ್ಲಿ ಮಲಗಿದರು, ನಾವಿಬ್ಬರು ಊರು ತಿರುಗಿದೆವು. ಅವಳು ಒಬ್ಬರ ಹತ್ತಿರ ಮರಾಠಿ, ಒಬ್ಬರ ಹತ್ತಿರ ತೆಲುಗು ಆಡುತ್ತಿದ್ದಳು. ನನ್ನ ಕಡೆ ತಿರುಗಿದಾಗ ಮಾತ್ರ ನಮ್ಮೂರಿನವಳಾಗುತ್ತಿದ್ದಳು. ಕೋಟೆಯ ಮಗ್ಗುಲಿಗೆ ಕೆರೆ, ಕೆರೆಯ ನಡುವೆ ಗುಡಿ. ಗುಡಿ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಮೀನು ಬಾಯಿ ಹಾಕಿದರೆ ಕರಗುವುದು, ಮತ್ತೆ ಕೂಡುವುದು. ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟೆವು. ಕಡೆಗೆ ಕೇಳಿಯೇ ಬಿಟ್ಟೆ.

"ಊರಿಗಿ ಬರ್ತೀಯೋ ಇಲ್ಲೋ?"

ಅವಳು ನೀರು ನೋಡುತ್ತಿದ್ದಳು. "ನನ್ನ ಕರಿಮೂತಿ ಕುರಿ ಐತೇನು?"

"ಸತ್ತು ಎರಡ್ ಮಳಿಗಾಲ ಆತು. ಅದರ ಮಕ್ಳು ಅದಾವ."

"ಅವಕ್ಕ ಯಾರ ಗುರ್ತು ಹಾಕೀದಿ?"

"ನಿಂದಽ."

ಅವಳು ತನ್ನ ಬಲಗಿವಿಯ ಓಲೆ ಮುಟ್ಟಿಕೊಂಡಳು. ಬೇಕಂತ ಮುಟ್ಟಿದಳೋ, ಕೈ ತಾನೇ ಹೋಯಿತೋ.

"ಇನ್ ಮ್ಯಾಲ ಹುಟ್ಟಿದ್ದಕ್ಕ ನಿಮ್ಮದಽ ಹಾಕ್ರಿ."

"ಹಂಗಂದ್ರ ಬರಾಂಗಿಲ್ಲ."

"ಬಂದು ಏನ್ ಮಾಡ್ಲಿ? ಅಲ್ಲಿ ಹಟ್ಟ್ಯಾಗ ಬಗ್ಗಿದಾಕಿ ಬಗ್ಗೇ ಇರ್ತಿದ್ದೆ. ಇಲ್ಲಿ ಭೋಂಗಾ ಆದ ಮ್ಯಾಲ ನಾ ನನ್ನಾಕಿ. ಸಿಟ್ಟು ಬಂತೇನು?"

"ಬಂತು."

"ಬರ್ಲಿ ಬಿಡು."

"ಮತ್ತ ಹಳೇವು?"

"ಹಳೇವು ನನ್ನ ಹೆಸರೀಲೇ ಸಾಯ್ಲಿ."

ಅದಕ್ಕೆ ಇಬ್ಬರೂ ನಕ್ಕೆವು. ಎದ್ದು ಹೋಗಿ ಮಿರ್ಚಿಭಜಿ ತಿಂದೆವು. ಮರುದಿನ ಸ್ಟೇಷನ್ನಿಗೆ ಅವಳೊಬ್ಬಳೇ ಬಂದಳು, ಅವಳ ಗಂಡನಿಗೆ ಪಾಳಿ ಇತ್ತು. ರೈಲು ಹೊರಟಾಗ ನಾನೂ ಅಳಲಿಲ್ಲ, ಅವಳೂ ಅಳಲಿಲ್ಲ. ಯಾದಗಿರಿಯಲ್ಲಿ ಇಳಿದು ಸೆರಗು ಕೊಡವಿದಾಗ ಹತ್ತಿಯ ಧೂಳು ಉದುರಿತು. ಮೋಟಾರಿನಿಂದ ನೋಡಿದರೆ ಶಹಾಪುರದ ಮನುಷ್ಯ ಇನ್ನೂ ಮಲಗೇ ಇದ್ದ.

ಮಳೆ ಬಿದ್ದ ಮೇಲೆ ಕರಿಮೂತಿಯ ಮಗಳು ಈದಿತು. ಮರಿಗೂ ಕರಿ ಮೂತಿ. ಮನೆಯವರು ಅದನ್ನು ಮೊಣಕಾಲ ನಡುವೆ ಹಿಡಿದುಕೊಂಡು ಕತ್ತಿ ನನ್ನ ಕೈಗೆ ಕೊಟ್ಟರು.

"ಯಾವ ಕಿವಿ?"

"ಎಡಗಿವಿ" ಅಂದೆ.

ಕೊಯ್ದು ಅರಿಶಿನ ಒತ್ತಿದೆ. ಮರಿ ಒಂದು ಸಲ ಒದರಿತು. ಬಿಟ್ಟ ತಕ್ಷಣ ಓಡಿ, ಬಲಗಿವಿ ಸೀಳಿದ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು.