ಅಮ್ಮನಿಗೆ ಮೀಸೆ ಬಂದ ವರ್ಷ

ನೈರೋಬಿಯಲ್ಲಿ ಬೆಳೆದ ಕನ್ನಡದ ಮಕ್ಕಳನ್ನು ಯಾರನ್ನಾದರೂ ಕೇಳಿ, ಅವರಿಗೆಲ್ಲ ಒಂದು ಎಡಬಿಡಂಗಿ ವರ್ಷ ಇದ್ದೇ ಇರುತ್ತದೆ. ಊರಿನ ಸ್ಕೂಲು ಬಿಟ್ಟಾಗಿರುತ್ತದೆ, ಇಲ್ಲಿನ ಸ್ಕೂಲು ಇನ್ನೂ ಒಪ್ಪಿಕೊಂಡಿರುವುದಿಲ್ಲ. ಬಾಯಲ್ಲಿ ಮೂರು ಭಾಷೆ, ಮೂರೂ ಅರೆಬೆಂದದ್ದು. ನನಗೆ ಆ ವರ್ಷ ಬಂದದ್ದು ಹದಿಮೂರರಲ್ಲಿ. ಆ ದಿನಗಳಲ್ಲಿ ಅಪ್ಪನಿಗೆ ಔಷಧಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ, ಮೈಸೂರಿನ ಸರಸ್ವತೀಪುರಂನಿಂದ ಎದ್ದು ನಾವು ನೈರೋಬಿಯ ಸೌತ್ ಸಿ ಬಡಾವಣೆಯ ಒಂದು ಮೂರನೇ ಮಹಡಿಗೆ ಬಂದು ಬಿದ್ದಿದ್ದೆವು.

ಸ್ಕೂಲು ಲ್ಯಾವಿಂಗ್ಟನ್ನಿನಲ್ಲಿತ್ತು. ಪ್ರಿನ್ಸಿಪಾಲರು ನನ್ನ ಎಂಟನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ನೋಡಿ ಗಣಿತಕ್ಕೆ ತಲೆದೂಗಿದರು, ಇಂಗ್ಲಿಷಿಗೆ ಸುಮ್ಮನಿದ್ದರು, ಆಮೇಲೆ "ಸ್ವಾಹಿಲಿ?" ಅಂದರು. ಅಪ್ಪ ಕಾರ್ಡಿನ ಹಿಂಬದಿ ತಿರುಗಿಸಿ ನೋಡಿದರು, ಅಲ್ಲೆಲ್ಲೋ ಇರಬಹುದೇನೋ ಅನ್ನುವ ಹಾಗೆ. ಕೊನೆಗೆ ಒಂದು ಶರತ್ತಿನ ಮೇಲೆ ಸೀಟು ಸಿಕ್ಕಿತು. ಡಿಸೆಂಬರಿನ ಪರೀಕ್ಷೆಯಲ್ಲಿ ಸ್ವಾಹಿಲಿ ಪಾಸಾದರೆ ಇಯರ್ ನೈನಿನಲ್ಲೇ ಮುಂದುವರಿಯಬಹುದು, ಇಲ್ಲದಿದ್ದರೆ ಜನವರಿಯಿಂದ ಒಂದು ಕ್ಲಾಸು ಕೆಳಗೆ, ಇಯರ್ ಎಯ್ಟಿಗೆ.

ಒಂದು ವರ್ಷ ಹಿಂದೆ ಬೀಳುವುದು ನನಗೆ ದೊಡ್ಡ ಸಂಕಟವಾಗಿರಲಿಲ್ಲ. ಸಂಕಟವೇನೆಂದರೆ, ಆ ಇಯರ್ ಎಯ್ಟಿನಲ್ಲಿ ನನ್ನ ತಂಗಿ ಮೇಘನಾ ಕೂತಿದ್ದಳು. ನನಗಿಂತ ಒಂದೇ ವರ್ಷ ಚಿಕ್ಕವಳು, ನಾಲಿಗೆ ಮಾತ್ರ ಹತ್ತು ವರ್ಷ ದೊಡ್ಡದು. ಬಂದ ಎರಡೇ ತಿಂಗಳಲ್ಲಿ ಸ್ಕೂಲ್ ಬಸ್ಸಿನ ಡ್ರೈವರ್ ಜೊತೆ, ಗೇಟಿನ ಹತ್ತಿರ ಜೋಳ ಸುಡುವವಳ ಜೊತೆ ಸ್ವಾಹಿಲಿಯಲ್ಲಿ ಪಟಪಟ ಅನ್ನುತ್ತಿದ್ದಳು. ನಾನು ಜೋಳ ಬೇಕಾದರೆ ಬೆರಳು ತೋರಿಸುತ್ತಿದ್ದೆ. ಅವಳು "ಅಣ್ಣ, ಡೋಂಟ್ ವರಿ, ನಮ್ ಕ್ಲಾಸ್ ಈಸ್ ನೈಸ್ ಓನ್ಲಿ" ಅಂದಾಗೆಲ್ಲ ನನ್ನ ಮೈ ಉರಿಯುತ್ತಿತ್ತು.

ನನ್ನನ್ನು ಪಾರು ಮಾಡುವ ಭಾರ ಹೊತ್ತವನು ಮಾಮ, ಅಂದರೆ ಅಮ್ಮನ ತಮ್ಮ ರಘು. ಹತ್ತು ವರ್ಷದಿಂದ ನೈರೋಬಿಯಲ್ಲಿದ್ದ. ಮೊಂಬಾಸಾ ರೋಡಿನ ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ಇಂಜಿನಿಯರು, ಮದುವೆಯಾಗಿರಲಿಲ್ಲ, ನಮ್ಮ ಜೊತೆಗೇ ಇದ್ದ. ಅವನಿಗೊಂದು ಗಿರಿಜಾ ಮೀಸೆ. ಬೆಳಿಗ್ಗೆ ಸ್ನಾನವಾದ ಮೇಲೆ ಅದಕ್ಕೆ ಕೊಬ್ಬರಿ ಎಣ್ಣೆ ಸವರಿ, ತುದಿ ತಿರುವಿ, ಕನ್ನಡಿಯಲ್ಲಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿಕೊಳ್ಳದೆ ಅವನು ತಿಂಡಿಗೆ ಕೂರುತ್ತಿರಲಿಲ್ಲ.

"ನಾನಿರೋವಾಗ ನಿಂಗ್ಯಾಕೋ ಟ್ಯೂಷನ್ನು?" ಅಂದ ಮಾಮ. "ಇನ್ನೂರು ಜನರ ಕೈಲಿ ಸ್ವಾಹಿಲೀಲೇ ಕೆಲಸ ತೆಗೆಸ್ತಾ ಇದೀನಿ."

ಅನಾಹುತ ಇದ್ದದ್ದೇ ಅಲ್ಲಿ. ಮಾಮನ ಸ್ವಾಹಿಲಿ ಪೂರ್ತಿ ಫ್ಯಾಕ್ಟರಿಯದ್ದು. ಅದರಲ್ಲಿ ಬರೀ ಹುಕುಂ ಇತ್ತು, ಕುಶಲ ಪ್ರಶ್ನೆ ಇರಲಿಲ್ಲ. ಕುಜಾ ಹಪಾ ಅಂದರೆ ಬಾ ಇಲ್ಲಿ. ಲೇಟಾ ಅಂದರೆ ತಗೊಂಡು ಬಾ. ಹರಾಕಾ ಅಂದರೆ ಬೇಗ. ಇಷ್ಟನ್ನು ನಾನು ಒಂದೇ ವಾರದಲ್ಲಿ ಬಾಯಿಪಾಠ ಮಾಡಿದೆ. ಮಾಮ ನನ್ನ ಬೆನ್ನು ತಟ್ಟಿದ.

ನಮ್ಮ ಸ್ವಾಹಿಲಿ ಟೀಚರು ಸಲ್ಮಾ ಮೊಂಬಾಸಾ ಕಡೆಯವರು. ಎಲ್ಲರೂ ಅವರನ್ನು ಮ್ವಾಲಿಮು, ಅಂದರೆ ಮೇಷ್ಟ್ರು, ಅಂತಲೇ ಕರೆಯುತ್ತಿದ್ದರು. ಮೊದಲ ದಿನವೇ ನನ್ನನ್ನು ಎಬ್ಬಿಸಿ, ಗೊತ್ತಿರುವಷ್ಟು ಸ್ವಾಹಿಲಿ ಮಾತಾಡಪ್ಪ ಅಂದರು. ನಾನು ಎದೆಯುಬ್ಬಿಸಿ, ಮಾಮನ ಗತ್ತಿನಲ್ಲೇ, "ಕುಜಾ ಹಪಾ! ಲೇಟಾ ಕಿಟಿ! ಹರಾಕಾ!" ಅಂದೆ. ಬಾ ಇಲ್ಲಿ, ಕುರ್ಚಿ ತಗೊಂಡು ಬಾ, ಬೇಗ! ಮ್ವಾಲಿಮು ತಮ್ಮ ಕುರ್ಚಿಯನ್ನೇ ಎತ್ತಿಕೊಂಡು ಬಂದು ನನ್ನ ಪಕ್ಕ ಇಟ್ಟು, "ಇನ್ನೇನು ತರಲಿ, ಯಜಮಾನರೇ?" ಅಂತ ಕೈಕಟ್ಟಿ ನಿಂತರು. ಅವತ್ತಿನಿಂದ ಇಡೀ ಇಯರ್ ನೈನಿಗೆ ನಾನು 'ಬೋಸಿ', ಅಂದರೆ ಬಾಸ್.

ಮನೆಗೆ ಬಂದು, ತಫದಾಲಿ ಅನ್ನುವ ಪದ ಯಾಕೆ ಹೇಳಿಕೊಡಲಿಲ್ಲ ಅಂತ ಮಾಮನ ಮೇಲೆ ಹಾರಾಡಿದೆ. ದಯವಿಟ್ಟು ಅನ್ನುವುದಕ್ಕೆ ಅದೇ ಪದವಂತೆ.

"ಅದಾ?" ಅಂದ ಮಾಮ. "ಕೇಳಿದೀನಿ. ಬಳಸೋ ಸಂದರ್ಭ ಬಂದಿಲ್ಲ."

ಅವಮಾನವಾಗಿದ್ದು ನನಗಾದರೂ ಛಲ ಬಂದದ್ದು ಮಾಮನಿಗೆ. ಶನಿವಾರ ನ್ಗಾರಾದ ಇಂಡಿಯನ್ ಅಂಗಡಿಗಳಿಗೆ ಹೋಗಿ ಅಮ್ಮನ ಇಡ್ಲಿ ರವೆ, ಹುಣಸೆಹಣ್ಣಿನ ಜೊತೆಗೆ ಒಂದು ಸ್ವಾಹಿಲಿ ವ್ಯಾಕರಣದ ಪುಸ್ತಕವನ್ನೂ ತಂದ. ಸಂಜೆ ಬಾಲ್ಕನಿಯಲ್ಲಿ ಪಾಠ. ಕೆಳಗಿನಿಂದ ಸುಟ್ಟ ಜೋಳದ ಹೊಗೆ, ಅದಕ್ಕೆ ಸವರುವ ನಿಂಬೆ-ಖಾರದ ಘಾಟು, ಒಳಗಿನಿಂದ ಅಮ್ಮನ ಒಗ್ಗರಣೆ. ಹತ್ತು ನಿಮಿಷಕ್ಕೊಂದು ಪುಟಾಣಿ ವಿಮಾನ ನಮ್ಮ ತಲೆ ಮೇಲೇ ಹಾದು ಪಕ್ಕದ ಏರ್‌ಪೋರ್ಟಿಗೆ ಇಳಿಯುತ್ತಿತ್ತು, ಆಗ ಪಾಠ ನಿಲ್ಲುತ್ತಿತ್ತು. ಮೇಘನಾ ಎರಡನೇ ದಿನವೇ ಬಿದ್ದು ಬಿದ್ದು ನಕ್ಕದ್ದರಿಂದ ಮಾಮ ಅವಳಿಗೆ ಬಾಲ್ಕನಿ ಪ್ರವೇಶ ನಿಷೇಧಿಸಿದ್ದ. ಹಾಗೆ ಮಾಡಿದ್ದೇ ದೊಡ್ಡ ತಪ್ಪಾಯಿತು, ಯಾಕೆಂದರೆ ಆ ಮನೆಯಲ್ಲಿ ನಮ್ಮ ತಪ್ಪು ಹಿಡಿಯಬಲ್ಲವಳು ಅವಳೊಬ್ಬಳೇ.

ಮಾಮನಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗುವ ಅಭ್ಯಾಸವಿರಲಿಲ್ಲ. ಪ್ರತಿ ವಾಕ್ಯಕ್ಕೂ ತಾನೇ ನಾಯಕ. "ಬರ್ಕೋ. ಮಾಮನ ಹತ್ರ ಕಾರಿದೆ. ಮಾಮಾ ಅನಾ ಗಾರಿ. ಮಾಮನಿಗೆ ದೊಡ್ಡ ಮೀಸೆ ಇದೆ. ಮಾಮಾ ಅನಾ ಮಶಾರುಬು ಮಕುಬ್ವಾ." ಹೀಗೆ ನವೆಂಬರ್ ಮುಗಿಯುವ ಹೊತ್ತಿಗೆ ಮಾಮನ ಇಡೀ ಜೀವನಚರಿತ್ರೆ, ವ್ಯಾಕರಣಶುದ್ಧವಾಗಿ, ನನ್ನ ನೋಟ್‌ಬುಕ್ಕಿನಲ್ಲಿತ್ತು.

ಸ್ವಾಹಿಲಿಯಲ್ಲಿ ಮಾಮಾ ಅಂದರೆ ತಾಯಿ. ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ತರಕಾರಿಯವಳು ದಿನಾ ಅಮ್ಮನನ್ನು ಮಾಮಾ ಅಂತಲೇ ಕರೆಯುತ್ತಿದ್ದಳು. ಆದರೆ ಗೊತ್ತಿರುವುದು ಬೇರೆ, ಪರೀಕ್ಷೆಯ ಹೊತ್ತಿಗೆ ನೆನಪಾಗುವುದು ಬೇರೆ. ಡಿಸೆಂಬರಿನ ಆ ಬೆಳಿಗ್ಗೆ ಪ್ರಶ್ನೆಪತ್ರಿಕೆ ತಿರುಗಿಸಿದರೆ, ಐವತ್ತು ಅಂಕದ ಪ್ರಬಂಧದ ವಿಷಯ: 'ಮಾಮಾ ಯಂಗು', ನನ್ನ ಮಾಮಾ. ನನ್ನ ಕಣ್ಣಿಗೆ ಕಂಡದ್ದು ರಘು ಮಾಮನೇ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!

ಎರಡು ಪುಟ ಬರೆದೆ. ನನ್ನ ಮಾಮಾನಿಗೆ ದೊಡ್ಡ ಮೀಸೆಯಿದೆ. ದಿನಾ ಅದಕ್ಕೆ ಎಣ್ಣೆ ಹಚ್ಚುತ್ತದೆ. ಫ್ಯಾಕ್ಟರಿಯಲ್ಲಿ ಇನ್ನೂರು ಜನರ ಮೇಲೆ ಕೂಗಾಡುತ್ತದೆ. ಭಾನುವಾರ ಲುಂಗಿ ಉಟ್ಟು ಮಲಗುತ್ತದೆ. ನನ್ನ ಮಾಮಾನಿಗೆ ಹೆಂಡತಿ ಇಲ್ಲ, ಅಜ್ಜಿ ಮೈಸೂರಿನಲ್ಲಿ ಹೆಣ್ಣು ಹುಡುಕುತ್ತಿದ್ದಾರೆ. ಕನ್ನಡದಲ್ಲಾಗಿದ್ದರೆ ಹಚ್ಚುತ್ತಾನೆ, ಹಚ್ಚುತ್ತಾಳೆ ಅನ್ನುವಲ್ಲಿ ಗುಟ್ಟು ರಟ್ಟಾಗುತ್ತಿತ್ತು. ಸ್ವಾಹಿಲಿ ಕ್ರಿಯಾಪದಕ್ಕೆ ಗಂಡು ಹೆಣ್ಣಿನ ಭೇದವಿಲ್ಲ. ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

ಮೂರು ದಿನ ಬಿಟ್ಟು ಮ್ವಾಲಿಮು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. ಯಾಕೋ ಧ್ವನಿ ಮೆತ್ತಗಿತ್ತು. "ಶುಕ್ರವಾರ ಮಾಮಾನಿಗೆ ಬರಲು ಹೇಳು," ಅಂದರು. ನಾನು ಹೋಗಿ ಮಾಮನಿಗೆ ಹೇಳಿದೆ.

ಮಾಮ ಶುಕ್ರವಾರ ರಜೆ ಹಾಕಿ, ಸೂಟು ತೊಟ್ಟು, ಮೀಸೆಗೆ ಎರಡು ಸಲ ಎಣ್ಣೆ ಕಾಣಿಸಿ ಬಂದ. ನಮ್ಮನ್ನು ಕೌನ್ಸೆಲರ್ ರೂಮಿನಲ್ಲಿ ಕೂರಿಸಿದರು. ಮ್ವಾಲಿಮು ಜೊತೆ ಕೌನ್ಸೆಲರ್ ಮೇಡಂ ಇದ್ದರು, ಮೇಜಿನ ಮೇಲೆ ಟಿಶ್ಯೂ ಡಬ್ಬಿ, ಅದರ ಪಕ್ಕ ನನ್ನ ಪ್ರಬಂಧ. ಇಬ್ಬರೂ ಮೀಸೆ ನೋಡಿದರು, ಪ್ರಬಂಧ ನೋಡಿದರು, ಮತ್ತೆ ಮೀಸೆ ನೋಡಿದರು.

"ನೀವು...?" ಅಂದರು ಕೌನ್ಸೆಲರ್ ಮೇಡಂ, ಇಂಗ್ಲಿಷಿನಲ್ಲಿ.

"ನಾನೇ ಮಾಮಾ," ಅಂದ ಮಾಮ, ಹೆಮ್ಮೆಯಿಂದ.

"ಸ್ವಾಗತ, ಮಾಮಾ. ನಮ್ಮ ಸ್ಕೂಲಿನಲ್ಲಿ ಎಲ್ಲ ಥರದ ಕುಟುಂಬಗಳಿಗೂ ಗೌರವವಿದೆ."

ಮಾಮ ನನ್ನ ಕಡೆ ಬಾಗಿ ಕನ್ನಡದಲ್ಲಿ, "ಎಷ್ಟು ಮರ್ಯಾದೆ ಕೊಡ್ತಾರೆ ನೋಡೋ," ಅಂದ.

"ಮಕ್ಕಳು ಮೊದಲಿನಿಂದಲೂ ನಿಮ್ಮನ್ನು ಮಾಮಾ ಅಂತಲೇ ಕರೆಯುತ್ತಾರೆಯೇ?"

"ಮಾತು ಬಂದಾಗಿನಿಂದ. ಅವರಮ್ಮನೇ ಕಲಿಸಿದ್ದು."

ಕೌನ್ಸೆಲರ್ ಮೇಡಂ ಪೆನ್ನು ಕೆಳಗಿಟ್ಟರು. "ಅವರಮ್ಮ ಅಂದರೆ...?"

"ನಮ್ಮಕ್ಕ. ಈಗ ಮನೇಲಿ ಚಪಾತಿ ಲಟ್ಟಿಸ್ತಾ ಇದಾರೆ."

ಮೊದಲು ಅರ್ಥವಾದದ್ದು ಮ್ವಾಲಿಮುಗೆ. "ಮ್ಜೋಂಬಾ!" ಅಂತ ಕಿರುಚಿದರು. ಸ್ವಾಹಿಲಿಯಲ್ಲಿ ತಾಯಿಯ ಅಣ್ಣತಮ್ಮಂದಿರಿಗೆ ಇರುವ ಪದ ಅದು, ನಮ್ಮ ವ್ಯಾಕರಣದ ಪುಸ್ತಕದಲ್ಲಿ ನಾವು ತಲುಪದ ಪುಟದಲ್ಲಿತ್ತು. ಆಮೇಲೆ ಅವರು ನಕ್ಕ ನಗುವಿಗೆ ಆ ಟಿಶ್ಯೂ ಡಬ್ಬಿ ಅರ್ಧ ಖಾಲಿಯಾಯಿತು. ವಿಷಯ ತಿಳಿದಾಗ ಮಾಮನ ಮುಖ ಕಿವಿಯಿಂದ ಮೀಸೆಯವರೆಗೂ ಕೆಂಪಾಯಿತು.

ನಗು ಮುಗಿದ ಮೇಲೆ ಮ್ವಾಲಿಮು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. ಭಾಷೆ ಶುದ್ಧವಾಗಿದೆ, ಆದರೆ ವಿಷಯವೇ ತಪ್ಪು, ಹೀಗೆ ಪಾಸು ಮಾಡಲಾಗುವುದಿಲ್ಲ. "ನಿನ್ನ ನಿಜವಾದ ಮಾಮಾನ ಬಗ್ಗೆ ಈಗಲೇ ಐದು ವಾಕ್ಯ ಹೇಳು. ಹೇಳಿದರೆ ಪಾಸು. ಇಲ್ಲದಿದ್ದರೆ ಇಯರ್ ಎಯ್ಟು."

ನೋಟ್‌ಬುಕ್ಕಿನಲ್ಲಿ ಅಮ್ಮನ ಬಗ್ಗೆ ಒಂದೇ ಒಂದು ವಾಕ್ಯವಿರಲಿಲ್ಲ. ಮೊದಲನೆಯದು ಹೇಗೋ ಬಂತು: ನನ್ನ ಅಮ್ಮನಿಗೆ ಮೀಸೆ ಇಲ್ಲ. ಎರಡನೆಯದು: ಅಮ್ಮ ಚೆನ್ನಾಗಿ ಅಡುಗೆ ಮಾಡುತ್ತಾಳೆ. ಮೂರು: ಅಮ್ಮನಿಗೆ ಸ್ವಾಹಿಲಿ ಬರುವುದಿಲ್ಲ. ನಾಲ್ಕು: ಯಾರು ಏನು ಹೇಳಿದರೂ 'ಸವಾ' ಅನ್ನುತ್ತಾಳೆ, ಆಯ್ತು ಅಂತ. ಐದನೆಯದಕ್ಕೆ ತಡಕಾಡಿದೆ. ಕೊನೆಗೆ ನೆನಪಿದ್ದ ನಾಲ್ಕು ಪದ ಜೋಡಿಸಿ ಹೇಳಿಬಿಟ್ಟೆ: ಅಮ್ಮ ಅಡುಗೆಮನೆಯಲ್ಲಿ ಸ್ವಲ್ಪ ಅಳುತ್ತಾಳೆ.

ಮ್ವಾಲಿಮು ಪ್ರಬಂಧದ ಮೇಲೆ ಟಿಕ್ ಹಾಕಿದರು. ಕಾರು ಹತ್ತಿದ ಮಾಮ ಕೀಲಿ ತಿರುಗಿಸುವುದು ಬಿಟ್ಟು ನನ್ನ ಕಡೆ ತಿರುಗಿದ.

"ಅಕ್ಕ ಅಳ್ತಾಳೇನೋ?" ಅಂದ.

"ಹೂಂ. ಈರುಳ್ಳಿ ಅಂತಾಳೆ. ಈರುಳ್ಳಿ ಹೆಚ್ಚದ ದಿನಾನೂ ಅಳ್ತಾಳೆ."

ಆ ಮಾತನ್ನು ನಾನು ಕನ್ನಡದಲ್ಲಿ ಯಾರಿಗೂ ಹೇಳಿರಲಿಲ್ಲ, ಅಮ್ಮನನ್ನೂ ಕೇಳಿರಲಿಲ್ಲ. ಆಗ ನನಗೆ ನಾಚಿಕೆಯಾಯಿತು. ಮರುದಿನದಿಂದ ಮಾಮ ಪ್ರತಿ ಶನಿವಾರ ಅಮ್ಮನನ್ನೂ ನ್ಗಾರಾಕ್ಕೆ ಕರೆದುಕೊಂಡು ಹೋಗತೊಡಗಿದ, ದಾರಿಯಲ್ಲಿ ಸ್ವಾಹಿಲಿ ಕಲಿಸಿದ. ಪರಿಣಾಮವಾಗಿ ಅಮ್ಮನೂ ಅಂಗಡಿಯವರಿಗೆ "ಲೇಟಾ! ಹರಾಕಾ!" ಅನ್ನತೊಡಗಿದಳು, ಅವರು ಹೆದರಿ ಒಳ್ಳೆಯ ಬದನೆಕಾಯಿಯನ್ನೇ ಕೊಟ್ಟರು. ನನ್ನ ಮೇಲೆ ಮಾತ್ರ ಒಂದು ವಾರ ಸಿಟ್ಟಾಗಿದ್ದಳು. "ಹೆತ್ತ ತಾಯಿಗೆ ಮೀಸೆ ಬರಿಸಿದ್ಯಲ್ಲೋ! ನಾನಿನ್ನು ಆ ಸ್ಕೂಲಿಗೆ ಯಾವ ಮುಖ ಇಟ್ಕೊಂಡು ಬರ್ಲಿ?"

ಪಾಸಾದ ಸಂಜೆ ಮಾತ್ರ ನಾನು ಯಾರ ಸಿಟ್ಟಿಗೂ ಸಿಗುವ ಸ್ಥಿತಿಯಲ್ಲಿರಲಿಲ್ಲ. ಮೆಟ್ಟಿಲು ಹಾರಿಕೊಂಡು ಹೋಗಿ ಮೇಘನಾ ಮುಂದೆ ಕುಣಿದೆ. "ಪಾಸು! ನಿನ್ನ ಪಕ್ಕ ಕೂರೋ ಕರ್ಮ ತಪ್ಪಿತು!"

ಅವಳು ಚೇಷ್ಟೆ ಮಾಡಲಿಲ್ಲ. "ಓ. ಕಂಗ್ರಾಟ್ಸ್," ಅಂದಳು. ಆಮೇಲೆ, "ಟೀಚರ್ ಹತ್ರ ಹೇಳ್ಬೇಕು," ಅಂದಳು.

"ಏನಂತ?"

"ನನ್ ಪಕ್ಕದ ಸೀಟು ಇನ್ನು ಖಾಲಿ ಇಡೋದು ಬೇಡ ಅಂತ. ನೀನು ಬರ್ತೀಯ ಅಂತ ಟೀಚರನ್ನ ಕೇಳಿ ಇಟ್ಕೊಂಡಿದ್ದೆ. ಸೆಪ್ಟೆಂಬರಿಂದ ಅಲ್ಲಿ ಯಾರೂ ಕೂತಿಲ್ಲ ಅಣ್ಣ."

ನನಗೆ ಅರ್ಥವಾಗಲಿಲ್ಲ. ಗೆದ್ದವನ ಗತ್ತಿನಲ್ಲಿ, "ನಿನ್ನ ಬಾಯಿ ಕೇಳಿ ಓಡಿಹೋಗಿರ್ತಾರೆ," ಅಂತ ನಕ್ಕು ಟಿವಿ ಹಾಕಿದೆ.

ಈಗ ಮಾಮ ಮದುವೆಯಾಗಿ ಊರಿಗೆ ಹೋಗಿ ವರ್ಷಗಳಾದವು. ಸೌತ್ ಸಿಯ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ನಾನು ನೈರೋಬಿಯಲ್ಲೇ ಉಳಿದೆ, ಮೇಘನಾ ದಾರ್ ಎಸ್ ಸಲಾಮಿನ ಒಂದು ಬ್ಯಾಂಕಿನಲ್ಲಿದ್ದಾಳೆ. ಫೋನಿನಲ್ಲಿ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಮೀಟಿಂಗ್ ಇದೆ ಅಂತ ಇಡುತ್ತಾಳೆ. ಅವಳ ಪಕ್ಕ ಒಂದು ಗಂಟೆ ಕೂರಬೇಕೆಂದರೆ ಈಗ ಇಬ್ಬರೂ ರಜೆ ಹಾಕಬೇಕು, ಒಬ್ಬರು ವಿಮಾನ ಹತ್ತಬೇಕು. ಅವತ್ತು ಆ ಜಾಗ ಒಂದೇ ಕ್ಲಾಸು ಕೆಳಗಿತ್ತು. ಒಂದು ವರ್ಷ ಫೇಲಾಗಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?